ಎನ್. ಬೇಗೂರಿನಲ್ಲಿ ಐರಿಸ್ ಅರಳೀತೇ?

ಪ್ರಶ್ನೆ: ಎತ್ತರದ ಬಿಯರ್ಡೆಡ್ ಐರಿಸ್ ಹೂವನ್ನು ಹೆಗ್ಗಡದೇವನಕೋಟೆ ಕಡೆಯ ಎನ್. ಬೇಗೂರಿನ ಹಿತ್ತಲಲ್ಲಿ ಬೆಳೆಯಬಹುದೇ?

ಉತ್ತರ: ಬಿಯರ್ಡೆಡ್ ಐರಿಸ್ ಚಳಿ ಸೀಮೆಯ ಗಿಡ. ಕೆಳಕ್ಕೆ ಬಾಗಿದ ಎಸಳಿನ ಮೇಲೆ ಗಡ್ಡದಂಥ ರೋಮಗಳ ಸಾಲಿರುತ್ತದೆ. ಎತ್ತರದ ತಳಿಗಳ ಹೂದಂಡು 70 ಸೆಂ.ಮೀ. ಮೀರುತ್ತದೆ. ಗೆಡ್ಡೆಯ ಬೆನ್ನಿಗೆ ಬಿಸಿಲು ತಾಗುವಂತೆ ಮಣ್ಣಿನ ಮೇಲ್ಮಟ್ಟದಲ್ಲೇ ನೆಡಬೇಕು. ಆಳಕ್ಕೆ ಹೂತರೆ ಹೂ ಕಡಿಮೆ, ನೀರು ನಿಂತರೆ ಕೊಳೆ ರೋಗ. ಮೊಗ್ಗು ಕಟ್ಟಲು ಹಲವು ವಾರಗಳ ಕೊರೆಯುವ ಚಳಿ ಬೇಕು. ಕಾಶ್ಮೀರದಲ್ಲಿ ಇದೇ ಗುಂಪಿನ ಐರಿಸ್ ಹಳೆಯ ಸಮಾಧಿಗಳ ಮೇಲೂ ಅರಳುತ್ತದೆ.

ಕಬಿನಿ ಹಿನ್ನೀರಿನ ಸೀಮೆಯ ಎನ್. ಬೇಗೂರಿನಲ್ಲಿ ಅಂಥ ಚಳಿಯಿಲ್ಲ. ಮುಂಗಾರಿನ ತೇವವೂ ಗೆಡ್ಡೆಗೆ ಒಗ್ಗದು. ಎಲೆ ಚಿಗುರಬಹುದು, ಹೂ ಬಿಡುವುದು ಅಪರೂಪ.

ಇಲ್ಲಿಗೆ ಸುಗಂಧರಾಜವೇ ಸರಿ. ನೀರು ಬಸಿಯುವ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಗೆಡ್ಡೆಗಳನ್ನು ಸುಮಾರು 5 ಸೆಂ.ಮೀ. ಆಳದಲ್ಲಿ, 20–30 ಸೆಂ.ಮೀ. ಅಂತರದಲ್ಲಿ ಊರಬೇಕು. ಮೂರು-ನಾಲ್ಕು ತಿಂಗಳಲ್ಲಿ ಹೂದಂಡು ಮೂಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ‘ಶೃಂಗಾರ್’ ಒಂದೇ ಸುತ್ತಿನ ಹೂ ಬಿಟ್ಟರೆ, ‘ಸುವಾಸಿನಿ’ ಹಲವು ಸುತ್ತಿನದು. ಮಾಲೆಗೆ ಮೊದಲನೆಯದು, ಹೂದಾನಿಗೆ ಎರಡನೆಯದು ಸೂಕ್ತ.