ಹಲಸಿನ ಕುರ್ಚಿ, ಕತ್ತದ ಹುರಿ

ಗುಲ್ವಾಡಿಯ ಒಳದಾರಿಯಲ್ಲಿ ಹೊಳೆಯ ಕಡೆಗೆ ಇಳಿಯುವಾಗ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ ಸಿಗುತ್ತದೆ. ಮರದಲ್ಲೇ ಹಣ್ಣಾಗಿ ಒಡೆದ ಹಲಸಿನ ಘಮ ಒಂದು ಕಡೆಯಿಂದ, ಅದೇ ಜಾತಿಯ ಮರ ಕೊಯ್ದ ಹುಡಿಯ ಒಗರು ವಾಸನೆ ಇನ್ನೊಂದು ಕಡೆಯಿಂದ. ಎರಡನೆಯದರ ಬೆನ್ನು ಹಿಡಿದು ಬನ್ನಿ. ಅಂಗಳದ ಬದಿಗೆ ಮಡಲು ಹೊದಿಸಿದ ಸಣ್ಣ ಚಪ್ಪರ. ಅದರಡಿ ಒಂದು ಕಾಲು ಮಡಚಿ, ಇನ್ನೊಂದು ಕಾಲಿನ ಹೆಬ್ಬೆರಳಲ್ಲಿ ಮರದ ತುಂಡನ್ನು ಒತ್ತಿ ಹಿಡಿದು ಕೂತ ಆಚಾರ್ರು ಹತ್ತರಿ ಎಳೆಯುತ್ತಿದ್ದಾರೆ. ಸರ್ರ್ ಎಂದು ಉದ್ದಕ್ಕೆ ಒಂದು ಸದ್ದು, ಒಂದು ಗಳಿಗೆ ಮೌನ, ಮತ್ತೆ ಸರ್ರ್. ನೆಲದ ತುಂಬ ಅರಸಿನ ಚೆಲ್ಲಿದಂತೆ ಹುಡಿ.

“ಕೂಕಣಿ” ಎಂದು ತಲೆ ಎತ್ತದೆಯೇ ಹೇಳುತ್ತಾರೆ. ಕೂರಲು ಇರುವುದು ಒಂದು ದಿಮ್ಮಿ. ಕುರ್ಚಿ ಇನ್ನೂ ತುಂಡು ತುಂಡಾಗಿದೆ.

ಈ ಹಳದಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಗಾಳಿ ಬೆಳಕು ಕುಡಿಯುತ್ತ ಕುಡಿಯುತ್ತ ಹಲಸು ಕೆಂಪಡರಿ, ಕೆಲವು ವರ್ಷಕ್ಕೆ ಕಡುಕಂದು ಬಣ್ಣಕ್ಕೆ ತಿರುಗುತ್ತದೆ. ಈ ಮರದ ತಿರುಳನ್ನು ಕುದಿಸಿ ತೆಗೆದ ಬಣ್ಣದಲ್ಲಿ ಬೌದ್ಧ ಭಿಕ್ಷುಗಳ ವಸ್ತ್ರ ಅದ್ದುತ್ತಿದ್ದರು. ನಮ್ಮ ಚೆಂಡೆಯ ಒಡಲಿಗೂ ಹಲಸೇ ಬೇಕು. ಸಾಗುವಾನಿ ದೊಡ್ಡವರ ಮನೆಯದು, ಹಲಸು ಹಿತ್ತಲಿನದು ಎಂಬ ಮಾತಿದೆ. ನನಗಂತೂ ಹಿತ್ತಲಿನದೇ ಮೇಲು.

ಕಾಲುಗಳಿಗೆ ಅಳತೆ ಟೇಪು ಹಿಡಿದದ್ದು ಕಾಣಲಿಲ್ಲ. ಕೂರುವ ಎತ್ತರ ಒಂದು ಮೊಳ, ಬೆನ್ನಿನ ಕಾಲು ಎರಡು ಮೊಳ. ಮೊಳವೆಂದರೆ 18 ಇಂಚು. ದೊಡ್ಡ ಅಂಗಡಿಯ ಕುರ್ಚಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಮೊಣಕೈಯಿಂದ ನಡುಬೆರಳ ತುದಿಗೂ ಪಾದದಿಂದ ಮಂಡಿಯ ಮಡಿಕೆಗೂ ಇರುವ ನಂಟು ಇವರಿಗೆ ಯಾರೂ ಪಾಠ ಹೇಳಿ ಗೊತ್ತಾದದ್ದಲ್ಲ.

ಈಗ ಒಳಗಿನಿಂದ ಒಂದು ಕಟ್ಟು ಅಡ್ಡಪಟ್ಟಿಗಳು ಬರುತ್ತವೆ. ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿ, ಕಾಳುಮೆಣಸಿನ ನೆರೆಯಲ್ಲಿ ಹೊಗೆ ತಿಂದು ಒಣಗಿದವು. ಮುಟ್ಟಿ ನೋಡಿ, ಬೆಚ್ಚಗಿವೆ, ಹಗುರಾಗಿವೆ. ಕಾಲುಗಳು ಮಾತ್ರ ಚಪ್ಪರದ ನೆರಳಲ್ಲೇ ಇದ್ದು ಅಷ್ಟು ಒಣಗಿಲ್ಲ. ಕುರ್ಚಿಯ ಗುಟ್ಟೆಲ್ಲ ಈ ವ್ಯತ್ಯಾಸದಲ್ಲಿದೆ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ಹೊಗೆಯಲ್ಲಿ ಒಣಗಿದ ಪಟ್ಟಿಯ ತುದಿಯನ್ನು ಕಾಲಿನ ತೂತಿಗೆ ಕೊಡತಿಯಿಂದ ಬಡಿದು ಕೂರಿಸಿದರೆ, ಅದು ಕಾಲಿನ ಪಸೆಯನ್ನೂ ಊರಿನ ಗಾಳಿಯ ತೇವವನ್ನೂ ಹೀರಿ ಉಬ್ಬುತ್ತದೆ. ಕಾಲು ತಾನು ಒಣಗುತ್ತ ಅದರ ಕುತ್ತಿಗೆ ಹಿಡಿಯುತ್ತದೆ. ಐದು ಹೊಳೆಗಳು ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲಿಗೆ ಬೀಳುವ ಸೀಮೆ ಇದು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸಿನ ಮಳೆ. ಕಬ್ಬಿಣದ ಮೊಳೆ ಇಲ್ಲಿ ಬಾಳುವುದಿಲ್ಲ.

“ಮೊಳಿ ಹೊಡದ್ರೆ ತುಕ್ಕ್ ಹಿಡಿತ್ತ್, ಮರ ಕಪ್ಪಾತ್ತ್. ಮರಕ್ಕೆ ಮರವೇ ಆಯ್ಕ್” ಎನ್ನುತ್ತ ಅವರು ಬೈರಿಗೆ ತಿರುಗಿಸಿ, ಸಂದಿನ ನಡುವೆ ಬಿದಿರಿನ ಗೂಟ ತೂರಿಸುತ್ತಾರೆ. ಟಕ್, ಟಕ್, ಆಮೇಲೆ ಟೊಕ್. ಸದ್ದು ಬದಲಾದದ್ದೇ ಕೈ ನಿಂತಿತು. ಗೂಟದ ತುದಿಯನ್ನು ಕತ್ತರಿಸದೆ ಅರ್ಧ ಇಂಚು ಹೊರಗೆ ಬಿಟ್ಟರು. ಯಾಕೆಂದು ಕೇಳಿದರೆ ಉತ್ತರ ಬರಲಿಲ್ಲ, ಚಾ ಬಂತು.

ಕೂರುವ ಜಾಗಕ್ಕೆ ಹುರಿ ಹೆಣೆಯುವ ಕೆಲಸ ಮನೆಯಾಕೆಯದು. ಉಪ್ಪುನೀರಿನ ಕೆಸರಲ್ಲಿ ಆರೆಂಟು ತಿಂಗಳು ಹೂತು ಕೊಳೆಸಿದ ತೆಂಗಿನ ಸಿಪ್ಪೆಯನ್ನು ಬಡಿದು, ನಾರು ಬಿಡಿಸಿ, ಹೊಸೆದ ಕತ್ತದ ಹುರಿ. ಕೊಳೆಸದೆ ಯಂತ್ರದಲ್ಲಿ ಸುಲಿದ ಕಂದು ನಾರು ಬಿರುಸು, ಕುರ್ಚಿಗೆ ಆಗದು. ಮುಂದಿನ ಪಟ್ಟಿಯ ಮೇಲಿಂದ ಹುರಿ ಕೆಳಗಿಳಿದು, ಅಡಿಯಿಂದ ಬಂದು ಪಕ್ಕದ ಪಟ್ಟಿಯನ್ನು ಸುತ್ತಿ, ಎದುರು ಮೂಲೆಗೆ ಹಾಯುತ್ತದೆ. ಅಲ್ಲಿಯೂ ಅದೇ ನಡೆ. ನಾಲ್ಕು ಮೂಲೆ ಮುಗಿದರೆ ಒಂದು ಸುತ್ತು. ಸುತ್ತು ಬೆಳೆದಂತೆ ಮೂಲೆಗಳಿಂದ ನಾಲ್ಕು ಗೆರೆಗಳು ನಡುವಿನ ಕಡೆಗೆ ಓರೆಯಾಗಿ ಹೊರಡುತ್ತವೆ. ಪ್ರತಿ ಸಲವೂ ಎಡಗೈ ಎಳೆತ ಬಿಡದೆ ಹಿಡಿದಿರಬೇಕು, ಬಲಗೈ ಮರದ ತುಂಡಿನಿಂದ ಹುರಿಯನ್ನು ಹಿಂದಿನದಕ್ಕೆ ಒತ್ತಿ ಬಡಿಯಬೇಕು. ಆಕೆಯ ತೋರುಬೆರಳ ಮಡಿಕೆಯಲ್ಲಿ ಹುರಿ ಕೊರೆದ ಗೀರು ಬಿಳಿಯಾಗಿ ಕಾಣುತ್ತದೆ.

ಇದೇ ಹೆಣಿಗೆಯನ್ನು ಡೆನ್ಮಾರ್ಕಿನ ಹನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ಹೆಸರುವಾಸಿ ಕುರ್ಚಿಯಲ್ಲೂ ಕಾಣಬಹುದು. ಒಂದು ಕುರ್ಚಿಗೆ ಸುಮಾರು 120 ಮೀಟರ್ ಹುರಿ, ಅದೂ ಹೊಸೆದ ಕಾಗದದ್ದು! ಯುದ್ಧಕಾಲದಲ್ಲಿ ಕಡಲಹುಲ್ಲು ಸಿಗದೆ ಅಲ್ಲಿಯವರು ಕಾಗದ ಹೊಸೆದರು. ಕತ್ತದ ಹುರಿ ದಪ್ಪ, ಅದರ ಅರ್ಧದಷ್ಟು ಸಾಕು. ಕಾಗದವನ್ನು ನಮ್ಮ ಆಷಾಢದಲ್ಲಿ ಇಟ್ಟು ನೋಡಬೇಕಿತ್ತು ಅವರು.

ಹೆಣಿಗೆ ಮುಗಿದ ಮೇಲೆ ಒಂದು ಕೆಲಸ ಬಾಕಿ. ಕತ್ತದ ಮೇಲೆ ರೋಮದಂಥ ಎಳೆಗಳು ಎದ್ದಿರುತ್ತವೆ, ಬರಿಯ ತೊಡೆಗೆ ಚುಚ್ಚುತ್ತವೆ. ಆಕೆ ತೆಂಗಿನ ಒಣಗರಿಯ ಸೂಡಿ ಹಚ್ಚಿ ಒಮ್ಮೆ ಸರಕ್ಕನೆ ಸವರುತ್ತಾರೆ. ಚಿಟಿಚಿಟಿ ಸದ್ದು, ಸುಟ್ಟ ನಾರಿನ ವಾಸನೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹುರಿ ನುಣ್ಣಗೆ, ಹೊನ್ನಿನ ಬಣ್ಣಕ್ಕೆ. ಕೂತರೆ ಮೊದಲು ಕಿರ್ ಎನ್ನುತ್ತದೆ, ಆಮೇಲೆ ಮೈಭಾರಕ್ಕೆ ಹೊಂದಿಕೊಂಡು ಸುಮ್ಮನಾಗುತ್ತದೆ. ಎಂದಾದರೂ ಸವೆದು ಹರಿದರೆ ಹುರಿ ಬಿಚ್ಚಿ ಹೊಸದು ಹೆಣೆದರಾಯಿತು, ಮರಕ್ಕೆ ಏನೂ ಆಗಿರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಕಾಲು ಸೀಳಿದರೆ ಈ ಮಾತು ಹೇಳಲಾದೀತೆ?

ಆದರೂ ಹೊಟ್ಟೆ ಹೊರೆಯುವುದು ಕುರ್ಚಿಯಲ್ಲ. ಚಪ್ಪರದ ಆಚೆ ಬದಿಗೆ ಒರಗಿಸಿಟ್ಟ ಎರಡು ದಾರಂದಗಳು ಮನೆಯ ಒಕ್ಕಲಿಗೆ ಮೊದಲು ಮುಗಿಯಬೇಕು. ಆಚಾರ್ರ ಕಣ್ಣು ಆಗಲೇ ಅತ್ತ ಹೋಗಿದೆ. ಕುರ್ಚಿ ಎತ್ತಿಕೊಂಡು ಹೊರಟಾಗ ಗೂಟದ ಪ್ರಶ್ನೆಗೆ ಉತ್ತರ ಬಂತು: “ಈ ಮಳಿಗಾಲ ಒಂದ್ ಕಳಿಲಿ. ಬಿಗಿ ಆದ್ಮೇಲ್ ಮತ್ತೊಂದ್ ಪೆಟ್ಟ್ ಕೊಟ್ಟ್ ಕೊಯ್ದ್ ಕೊಡ್ತೆ. ದೀಪಾವಳಿ ಕಳದ್ ಮೇಲ್ ತಕಂಡ್ ಬನ್ನಿ.”