ಹಳೇ ಎಚ್‌ಎಂಟಿಗೆ ಹೊಸ ಮುಖ: ರಿಪೇರಿ ಎಲ್ಲಿ ಮುಗಿಯುತ್ತೆ, ನಕಲಿ ಎಲ್ಲಿ ಶುರುವಾಗುತ್ತೆ?

ಕೊಡಗಿನಲ್ಲಿ ಸೇನೆಗೆ ಹೋಗಿ ಬಂದವರ ಮನೆಗಳ ಬೀರು ತೆರೆದರೆ, ಪದಕಗಳ ಪಕ್ಕದಲ್ಲೇ ನಿಂತುಹೋದ ಎಚ್‌ಎಂಟಿ ವಾಚೊಂದು ಸಿಗುವುದು ಅಪರೂಪವೇನಲ್ಲ. ಪದಕವನ್ನು ಯಾರೂ ಉಜ್ಜಿ, ಬಣ್ಣ ಬಳಿಸಿ, ಹೊಸ ಅಕ್ಷರ ಬರೆಸುವುದಿಲ್ಲ. ವಾಚಿಗೆ ಮಾತ್ರ ನಾವು ಅದನ್ನೇ ಮಾಡಿಸ್ತಾ ಇದ್ದೇವೆ. ಅದೂ ಖುಷಿಯಿಂದ, ದುಡ್ಡು ಕೊಟ್ಟು.

ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಶುರುವಾಗಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಜನತಾ, ಪೈಲಟ್, ಸೋನಾ, ಕೊಹಿನೂರ್ ಹೀಗೆ ಒಂದೊಂದಕ್ಕೂ ಹೆಸರು. ಮದುವೆಯ ಉಡುಗೊರೆಗೂ ಅದೇ, ನಿವೃತ್ತಿಯ ನೆನಪಿಗೂ ಅದೇ. ಆಮೇಲೆ ಬ್ಯಾಟರಿಯ ಕ್ವಾರ್ಟ್ಜ್ ವಾಚುಗಳು ಬಂದವು, ಟೈಟನ್ ಬಂತು, ದಿನಾ ಕೀ ಕೊಡುವ ವಾಚು ಮೂಲೆ ಸೇರಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತಮಾಷೆ ನೋಡಿ, ಮುಚ್ಚುತ್ತಾರೆ ಅಂತ ಗೊತ್ತಾದ ಮೇಲೆ ಬೇಡಿಕೆ ಏರಿತು. ಹಳೇ ವಾಚಿಗೆ ಹೊಸ ರೂಪ ಕೊಡುವವರಿಗೂ ಕೈತುಂಬಾ ಕೆಲಸ ಸಿಕ್ಕಿತು.

ಅದಕ್ಕೂ ಮೊದಲು ಈ ವಾಚು ಯಾಕೆ ಕೆಡುತ್ತೆ ಅನ್ನೋದನ್ನು ನೋಡೋಣ. ಜನತಾ ಆಗಲಿ ಪೈಲಟ್ ಆಗಲಿ, ಒಳಗಿರುವುದು ಸುರುಳಿ ಸ್ಪ್ರಿಂಗ್‌ನಿಂದ ಓಡುವ 17 ಜ್ಯುವೆಲ್‌ಗಳ ಯಂತ್ರ. ಜ್ಯುವೆಲ್ ಅಂದರೆ ಸವೆತ ತಡೆಯಲು ಕೂರಿಸಿದ ಕೃತಕ ಮಾಣಿಕ್ಯ. ಯಂತ್ರ ಸೆಕೆಂಡಿಗೆ 5 ಬಾರಿ, ಗಂಟೆಗೆ 18,000 ಬಾರಿ ಮಿಡಿಯುತ್ತೆ. ಎಣ್ಣೆ ಒಣಗಿದರೆ ಮಿಡಿತ ತಪ್ಪುತ್ತೆ. ಕೊಡಗಿನಲ್ಲಿ ಇದರ ಜೊತೆಗೆ ಮಳೆಯೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಲ್ಲಿ ವಾಚು ಒಣಗಿರುತ್ತಾ? ಕೀ ಕೊಡುವ ತಿರುಪಿನ ಸಂದಿಯಿಂದ ತೇವ ಒಳಗಿಳಿಯುತ್ತೆ. ಮೊದಲು ಉಕ್ಕಿನ ಬಿಡಿಭಾಗಗಳಿಗೆ ತುಕ್ಕು, ಆಮೇಲೆ ಡಯಲ್ ಮೇಲೆ ಕಂದು ಚುಕ್ಕೆ.

ಇಲ್ಲಿಗೆ ದಾರಿ ಎರಡಾಗುತ್ತೆ. ಯಂತ್ರ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಸತ್ತ ಸ್ಪ್ರಿಂಗ್ ಬದಲಾಯಿಸಿ, ವೇಳೆ ಹೊಂದಿಸುವುದು ಒಂದು. ಇದು ರಿಪೇರಿ. ಎರಡನೆಯದು ಡಯಲ್ ಮೇಲಿನ ಹಳೇ ಬಣ್ಣವನ್ನು ಪೂರ್ತಿ ಕೆರೆದು ತೆಗೆದು, ಹೊಸ ಬಣ್ಣ ಹೊಡೆದು, ಅದರ ಮೇಲೆ ಮತ್ತೆ ಎಚ್‌ಎಂಟಿ ಅಂತ ಮುದ್ರಿಸುವುದು. ಇದಕ್ಕೆ ರೀಡಯಲ್ ಅನ್ನುತ್ತಾರೆ. ಜನತಾ, ಪೈಲಟ್ ಎರಡರ ಯಂತ್ರವೂ ಒಂದೇ ಕುಟುಂಬದ್ದು. ಹಾಗಾಗಿ ಅಗ್ಗದ ಜನತಾವನ್ನು ಕಪ್ಪು ಡಯಲಿನ ಪೈಲಟ್ ಮಾಡೋದು ಕಷ್ಟದ ಕೆಲಸವಲ್ಲ. ಅದಕ್ಕೆ ಸೇನೆಯ ಲಾಂಛನವೂ ಬಿದ್ದರೆ ಸಾಮಾನ್ಯ ವಾಚು ರಾತ್ರೋರಾತ್ರಿ 'ಮಿಲಿಟರಿ ವಾಚು'. ಜನರಲ್ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ಮ್ಯೂಸಿಯಂ ಆಗಿರುವ ಮಡಿಕೇರಿಯಂಥ ಊರಲ್ಲಿ ಇದನ್ನು ಬರೀ ವ್ಯಾಪಾರ ಅಂತ ಬಿಟ್ಟುಬಿಡಲು ನನಗಂತೂ ಮನಸ್ಸಾಗುವುದಿಲ್ಲ. ಯಾರೂ ಮಾಡದ ಸೇವೆಯ ನೆನಪನ್ನು ಮಾರಿದಂತೆ ಅದು.

ಹಾಗಾದರೆ ಹಳೇ ವಾಚನ್ನು ಮುಟ್ಟಲೇಬಾರದಾ? ಹಾಗೇನಿಲ್ಲ. ನಮ್ಮ ಮನೆಯಲ್ಲಿರೋದು ದೊಡ್ಡಪ್ಪ ಕಟ್ಟುತ್ತಿದ್ದ ಪೈಲಟ್. ಅದನ್ನು ಸ್ವಂತವಾಗಿ ಕೆಲಸ ಮಾಡುವ ಒಬ್ಬ ವಾಚ್ ಕುಶಲಕರ್ಮಿಗೆ ಕೊಟ್ಟು ಮಾರ್ಪಾಡು ಮಾಡಿಸಿದೆ. ಗೀರು ಬಿದ್ದ ಗ್ಲಾಸು ಹೋಗಿ ಹೊಸದು ಬಂತು. ತೇವ ತಡೆಯಲು ಹೊಸ ರಬ್ಬರ್ ಉಂಗುರ ಕೂತಿತು. ಹಿಂಬದಿಯ ಮುಚ್ಚಳದ ಜಾಗಕ್ಕೆ ಗಾಜಿನ ಮುಚ್ಚಳ ಬಂತು, ಚಕ್ರ ಮಿಡಿಯೋದು ಕಾಣಲಿ ಅಂತ. ಚುಕ್ಕೆ ಬಿದ್ದ ಡಯಲನ್ನು ಮಾತ್ರ ಹಾಗೇ ಬಿಡಿಸಿದೆ. ತೆಗೆದ ಭಾಗಗಳನ್ನೆಲ್ಲ ಅವರು ಸಣ್ಣ ಪೊಟ್ಟಣ ಕಟ್ಟಿ ವಾಪಸ್ ಕೊಟ್ಟರು, ಏನೇನು ಬದಲಾಯಿತು ಅಂತ ಚೀಟಿಯನ್ನೂ ಬರೆದರು. ನಾಳೆ ನನ್ನ ಮಗಳಿಗೆ ಗಾಜು ಬೇಡ ಅನಿಸಿದರೆ ಹಳೇ ಮುಚ್ಚಳವನ್ನೇ ಮತ್ತೆ ಹಾಕಿಸಬಹುದು.

ಒಳ್ಳೆಯ ಮಾರ್ಪಾಡಿಗೂ ಮೋಸಕ್ಕೂ ಇರುವ ವ್ಯತ್ಯಾಸ ನನ್ನ ಪ್ರಕಾರ ಇಷ್ಟೇ: ಬದಲಾವಣೆಯನ್ನು ಮರಳಿ ತೆಗೆಯಲು ಬರಬೇಕು, ಮತ್ತೆ ಅದನ್ನು ಬಾಯಿಬಿಟ್ಟು ಹೇಳಿರಬೇಕು. ಐನ್‌ಮನೆಗೆ ಒಡೆದ ಹೆಂಚು ಬದಲಾಯಿಸಿದರೆ ಅದು ಐನ್‌ಮನೆಯೇ. ಕೆತ್ತನೆಯ ಕಂಬ ಕಿತ್ತು ಸಿಮೆಂಟ್ ಕಂಬ ನಿಲ್ಲಿಸಿ, ಮರದ ಬಣ್ಣ ಬಳಿದು 'ಇನ್ನೂರು ವರ್ಷದ ಮನೆ' ಅಂದರೆ ಯಾರು ಒಪ್ಪುತ್ತಾರೆ?

ಬದಲಾವಣೆಯಿಂದಲೇ ಬೆಲೆ ಬಂದ ವಾಚುಗಳೂ ಇವೆ. ಹಾಲಿವುಡ್ ನಟ ಪಾಲ್ ನ್ಯೂಮನ್ ಅವರ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.7 ಕೋಟಿ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಕಾರು ಹುಷಾರಾಗಿ ಓಡಿಸಿ ಅನ್ನುವ ಹೆಂಡತಿಯ ಮಾತನ್ನು ಅದರ ಬೆನ್ನಿಗೆ ಕೆತ್ತಿಸಲಾಗಿತ್ತು. ಕಾರ್ಖಾನೆಯಿಂದ ಬಂದದ್ದಲ್ಲ ಆ ಅಕ್ಷರ. ಆದರೆ ಅದು ನಿಜ. ನಮ್ಮಲ್ಲೂ ನಿವೃತ್ತಿಯ ದಿನ ಕೊಟ್ಟ ವಾಚುಗಳ ಬೆನ್ನಲ್ಲಿ ಹೆಸರು, ತಾರೀಖು ಇರುತ್ತೆ. ಎಷ್ಟೋ ಜನ ಪಾಲಿಶ್ ಹೆಸರಲ್ಲಿ ಅದನ್ನೇ ಉಜ್ಜಿಸಿಬಿಡ್ತಾರೆ!

ಕೊಳ್ಳುವವರಿಗೆ ಒಂದಿಷ್ಟು ಗುರುತು ಹೇಳಬಹುದು. ಬರೀ ಕಣ್ಣು ಸಾಲದು, ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಐವತ್ತು ವರ್ಷದ ಕೇಸಿನ ಮೇಲೆ ನಿನ್ನೆ ಮೊನ್ನೆಯಂತೆ ಹೊಳೆಯುವ ಡಯಲ್ ಇದ್ದರೆ ಅನುಮಾನ ಇರಲಿ. ಅಕ್ಷರಗಳ ಅಂಚು ಕದಡಿದೆಯಾ, ನಿಮಿಷದ ಗೆರೆಗಳು ಮುಳ್ಳಿಗೆ ಸರಿಯಾಗಿ ಕೂರುತ್ತವಾ ನೋಡಿ. ಕೇಸಿನ ಮೂಲೆಗಳು ಸೋಪಿನಂತೆ ಸವೆದು ದುಂಡಗಾಗಿದ್ದರೆ ಅತಿಯಾಗಿ ಉಜ್ಜಿದ್ದಾರೆ ಅಂತ. ಹಿಂದಿನ ಮುಚ್ಚಳ ತೆಗೆದು ತೋರಿಸಿ ಅಂತ ಕೇಳಿ. ತೋರಿಸಲ್ಲ ಅಂದರೆ ಮುಂದಕ್ಕೆ ನಡೀರಿ.

ರಿಪೇರಿಗೆ ಕೊಡುವಾಗಲೂ ಅಷ್ಟೇ. ಡಯಲ್ ಮುಟ್ಟಬೇಡಿ, ತೆಗೆದ ಪ್ರತಿಯೊಂದು ಭಾಗವನ್ನೂ ವಾಪಸ್ ಕೊಡಿ ಅಂತ ಮೊದಲೇ ಹೇಳಿಬಿಡಿ. ಸ್ಪ್ರಿಂಗ್ ಹೋದರೆ ಇನ್ನೊಂದು ಸಿಗುತ್ತೆ, ಗ್ಲಾಸು ಒಡೆದರೂ ಸಿಗುತ್ತೆ. ಕೆರೆದು ತೆಗೆದ ಡಯಲನ್ನು ಮಾತ್ರ ಯಾವ ಕುಶಲಕರ್ಮಿಯೂ ವಾಪಸ್ ತರಲಾರ.