ಹೊಸ ಆವೃತ್ತಿ ಉಚಿತ, ಹಳೆಯದು ದುಬಾರಿ

2013ರ ಅಕ್ಟೋಬರ್ 22ರಂದು ಆಪಲ್ ಕಂಪನಿ ಮ್ಯಾಕ್ ಕಂಪ್ಯೂಟರ್‌ಗಳಿಗೆಂದು ಮ್ಯಾವರಿಕ್ಸ್ ಎಂಬ ಹೊಸ ಆಪರೇಟಿಂಗ್ ಸಿಸ್ಟಂ ಬಿಡುಗಡೆ ಮಾಡಿ, ಇದಕ್ಕೆ ಯಾರೂ ಹಣ ಕೊಡಬೇಕಾಗಿಲ್ಲ ಎಂದು ಸಾರಿತು. 2007ರಲ್ಲಿ ಇದೇ ಸರಣಿಯ ಲೆಪರ್ಡ್ ಆವೃತ್ತಿಗೆ ಅದು 129 ಡಾಲರ್ ಪಡೆದಿತ್ತು. 2009ರಲ್ಲಿ ಬೆಲೆ 29 ಡಾಲರ್‌ಗೆ ಇಳಿಯಿತು, 2012ರಲ್ಲಿ 20ಕ್ಕೆ, ಮರುವರ್ಷ ಸೊನ್ನೆಗೆ. ಎರಡು ವರ್ಷ ಕಳೆಯುವಷ್ಟರಲ್ಲಿ, ಅಂದರೆ 2015ರ ಜುಲೈ 29ರಂದು, ಮೈಕ್ರೋಸಾಫ್ಟ್ ಕೂಡ ಅದೇ ದಾರಿ ಹಿಡಿದು ವಿಂಡೋಸ್ 7 ಮತ್ತು 8.1 ಬಳಸುತ್ತಿದ್ದವರಿಗೆ ವಿಂಡೋಸ್ 10 ಅನ್ನು ಒಂದು ವರ್ಷದ ಮಟ್ಟಿಗೆ ಉಚಿತವಾಗಿ ಕೊಟ್ಟಿತು. 1995ರಲ್ಲಿ ಜನ ನಡುರಾತ್ರಿ ಅಂಗಡಿಗಳ ಮುಂದೆ ಸಾಲುಗಟ್ಟಿ ಹಣ ತೆತ್ತು ವಿಂಡೋಸ್ 95ರ ಪೆಟ್ಟಿಗೆ ಕೊಂಡೊಯ್ದದ್ದನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ. ಸಾವಿರಾರು ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು ಸಿದ್ಧಪಡಿಸುವ ಸರಕನ್ನು ಲಾಭಕ್ಕಾಗಿಯೇ ಇರುವ ಕಂಪನಿಗಳು ಏಕೆ ಬಿಟ್ಟಿ ಕೊಡುತ್ತವೆ?

ತಂತ್ರಾಂಶದ ಪ್ರತಿ ತೆಗೆಯಲು ಖರ್ಚೇನೂ ಇಲ್ಲವಲ್ಲ, ಅದಕ್ಕೇ ಉಚಿತ ಎಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ಆದರೆ ಅದು ಸಾಲದು. 1995ರಲ್ಲಿಯೂ ಒಂದು ಸಿ.ಡಿ. ಅಚ್ಚು ಹಾಕುವ ಖರ್ಚು ಅದರ ಮಾರಾಟದ ಬೆಲೆಯ ಮುಂದೆ ಏನೂ ಆಗಿರಲಿಲ್ಲ. ಇಂದಿಗೂ ಕಂಪ್ಯೂಟರ್ ಆಟಗಳು, ಚಿತ್ರ ತಿದ್ದುವ ತಂತ್ರಾಂಶಗಳು ಒಳ್ಳೆಯ ಬೆಲೆಗೇ ಮಾರಾಟವಾಗುತ್ತಿವೆ. ಅವುಗಳ ಪ್ರತಿಗೂ ಖರ್ಚಿಲ್ಲ. ಆಪರೇಟಿಂಗ್ ಸಿಸ್ಟಂನ ಸಂಗತಿ ಬೇರೆಯಾಗಲು ಕಾರಣ ಹೊಸ ಆವೃತ್ತಿಯ ಬೆಲೆಯಲ್ಲಿ ಸಿಗುವುದಿಲ್ಲ, ಹಳೆಯ ಆವೃತ್ತಿಯ ಬಾಳಿಕೆಯಲ್ಲಿ ಸಿಗುತ್ತದೆ. ಬಳಕೆದಾರನೊಬ್ಬ ಹಳೆಯ ಆವೃತ್ತಿಯಲ್ಲಿ ಉಳಿದ ಪ್ರತಿ ವರ್ಷವೂ ಕಂಪನಿಗೆ ಖರ್ಚು ತರುತ್ತದೆ. ಅವನಿಂದ ಒಮ್ಮೆ ಸಿಗಬಹುದಾದ ನೂರು ಡಾಲರಿಗಿಂತ ಅವನನ್ನು ಹಳೆಯದರಿಂದ ಬಿಡಿಸಿ ಕರೆತರುವುದೇ ಕಂಪನಿಗೆ ಹೆಚ್ಚು ಲಾಭದ್ದು. ಇದು ನನ್ನ ವಾದ.

ಹಳೆಯದನ್ನು ಸಾಕುವುದು ಎಷ್ಟು ದುಬಾರಿ ಎನ್ನುವುದಕ್ಕೆ ವಿಂಡೋಸ್ ಎಕ್ಸ್‌ಪಿಯ ಕೊನೆಗಾಲ ಸಾಕ್ಷಿ. 2001ರಲ್ಲಿ ಬಂದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರವರೆಗೆ ಭದ್ರತಾ ತಿದ್ದುಪಡಿಗಳನ್ನು ಒದಗಿಸಿತು. ಆ ಹೊತ್ತಿಗೆ ಬ್ರಿಟನ್ ಸರ್ಕಾರದ ಕಚೇರಿ, ಆಸ್ಪತ್ರೆಗಳಲ್ಲಿ ಅಸಂಖ್ಯ ಯಂತ್ರಗಳು ಇನ್ನೂ ಎಕ್ಸ್‌ಪಿಯಲ್ಲೇ ಓಡುತ್ತಿದ್ದವು. ಇನ್ನೊಂದೇ ಒಂದು ವರ್ಷದ ತಿದ್ದುಪಡಿಗಾಗಿ ಆ ಸರ್ಕಾರ ತೆತ್ತದ್ದು ಸುಮಾರು 55 ಲಕ್ಷ ಪೌಂಡ್. 2015ರಲ್ಲಿ ಅಮೆರಿಕದ ನೌಕಾಪಡೆ ಇಂಥದ್ದೇ ಒಪ್ಪಂದಕ್ಕೆ 91 ಲಕ್ಷ ಡಾಲರ್ ಕೊಟ್ಟಿತು. ಈ ಹಣಕ್ಕೆ ಪ್ರತಿಯಾಗಿ ಹೊಸ ಸೌಲಭ್ಯ ಒಂದೂ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಕೆಡದೆ ಉಳಿಯಲಿ ಎಂಬುದಷ್ಟೇ ವ್ಯವಹಾರ. ಆಪರೇಟಿಂಗ್ ಸಿಸ್ಟಂನ ಒಳಗೆ ಕೋಟಿಗಟ್ಟಲೆ ಸಾಲುಗಳ ಕೋಡ್ ಇರುತ್ತದೆ, ಅದರಲ್ಲಿ ಬಹುಪಾಲು ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹರಿದು ಬಂದಿರುತ್ತದೆ. ಹಾಗಾಗಿ ಇಂದಿನ ಆವೃತ್ತಿಯಲ್ಲಿ ಒಂದು ದೋಷ ಕಂಡರೆ ಅದು ಹಿಂದಿನ ನಾಲ್ಕರಲ್ಲಿಯೂ ಅಡಗಿದ್ದೀತು. ಸುತ್ತಲಿನ ಕೋಡ್ ಒಂದೊಂದರಲ್ಲಿ ಒಂದೊಂದು ಬಗೆಯಾಗಿ ಬದಲಾಗಿರುವುದರಿಂದ ಒಂದೇ ತಿದ್ದುಪಡಿ ಎಲ್ಲಕ್ಕೂ ಹೊಂದುವುದಿಲ್ಲ. ನಾಲ್ಕು ಕಡೆ ನಾಲ್ಕು ಬಾರಿ ಬರೆಯಬೇಕು, ನಾಲ್ಕು ಬಾರಿ ಪರೀಕ್ಷಿಸಬೇಕು. ಪರೀಕ್ಷೆಯೆಂದರೆ ಒಂದು ಕಂಪ್ಯೂಟರ್ ಮೇಲೆ ಓಡಿಸಿ ನೋಡಿದರೆ ಮುಗಿಯಿತೆಂದಲ್ಲ. ಬೇರೆ ಬೇರೆ ತಯಾರಕರ ಪ್ರೊಸೆಸರು, ಪ್ರಿಂಟರು, ಗ್ರಾಫಿಕ್ಸ್ ಕಾರ್ಡುಗಳ ಜೋಡಣೆಗಳಲ್ಲಿ ಅದು ಏನನ್ನೂ ಮುರಿಯುವುದಿಲ್ಲ ಎಂದು ಖಾತ್ರಿಯಾಗಬೇಕು. ಬಳಕೆಯಲ್ಲಿರುವ ಆವೃತ್ತಿಗಳು ಹೆಚ್ಚಿದಂತೆ ಈ ಕೆಲಸ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಭದ್ರತೆಯ ಪ್ರಶ್ನೆ. ತಿದ್ದುಪಡಿ ಹೊರಬಿದ್ದ ದಿನವೇ ದಾಳಿಕೋರರಿಗೂ ಒಂದು ಸುಳಿವು ಸಿಗುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ತಿದ್ದುವ ಮುಂಚಿನ ಕಡತವನ್ನೂ ತಿದ್ದಿದ ಮೇಲಿನ ಕಡತವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಬದಲಾದ ಜಾಗ ಯಾವುದೆಂದು ಕಾಣುತ್ತದೆ, ಅಂದರೆ ತೂತು ಎಲ್ಲಿತ್ತೆಂದು ಗೊತ್ತಾಗುತ್ತದೆ. ಹಾಗಾಗಿ ಹೊಸದನ್ನು ಭದ್ರಪಡಿಸುವ ಕೆಲಸವೇ, ತಿದ್ದುಪಡಿ ಹಾಕಿಕೊಳ್ಳದ ಹಳೆಯ ಯಂತ್ರಗಳನ್ನು ಇನ್ನಷ್ಟು ಅಪಾಯಕ್ಕೆ ಒಡ್ಡುತ್ತದೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಕಡತ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ದೋಷವನ್ನು ಸರಿಪಡಿಸಿತು. ಮರುತಿಂಗಳು ಆ ದೋಷವನ್ನು ಬಳಸುವ, ಅಮೆರಿಕದ ಗೂಢಚರ್ಯೆ ಸಂಸ್ಥೆಯದೆನ್ನಲಾದ ಎಟರ್ನಲ್‌ಬ್ಲೂ ಎಂಬ ಸಾಧನ ಸೋರಿಕೆಯಾಗಿ ಎಲ್ಲರ ಕೈಗೂ ಸಿಕ್ಕಿತು. ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಅದೇ ದೋಷದ ಮೂಲಕ ನುಗ್ಗಿ ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಸೋಂಕು ತಗುಲಿದ್ದರಲ್ಲಿ ಹೆಚ್ಚಿನವು ತಿದ್ದುಪಡಿ ಬಂದು ಎರಡು ತಿಂಗಳಾದರೂ ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು. ದಾಳಿ ಎಷ್ಟು ಕಂಗೆಡಿಸಿತೆಂದರೆ, ಮೂರು ವರ್ಷದ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಉಚಿತವಾಗಿ ತಿದ್ದುಪಡಿ ಕೊಟ್ಟಿತು. ಕೆರೆಯ ಏರಿ ಒಂದು ಕಡೆ ಬಿರಿದರೆ ಆ ಮೂಲೆಯ ಗದ್ದೆಯವರಷ್ಟೇ ಅಲ್ಲ, ಇಡೀ ಅಚ್ಚುಕಟ್ಟಿನವರು ನೀರು ಕಳೆದುಕೊಳ್ಳುತ್ತಾರೆ. ಜಾಲಕ್ಕೆ ಸೇರಿದ ಯಂತ್ರಗಳ ಸ್ಥಿತಿಯೂ ಅದೇ. ಹೀಗಿರುವಾಗ ಹೊಸ ಆವೃತ್ತಿಗೆ ಬೆಲೆ ಕಟ್ಟಿ, ಕೊಡಲಾಗದವರನ್ನು ಹಳೆಯದರಲ್ಲೇ ಬಿಟ್ಟರೆ ಅದರ ನಷ್ಟವನ್ನು ಬೆಲೆ ಕೊಟ್ಟವರೂ ಹೊರಬೇಕಾಗುತ್ತದೆ.

ಆ್ಯಪ್ ಬರೆಯುವವರ ಲೆಕ್ಕಾಚಾರವೂ ಇದೆ. ಆಪರೇಟಿಂಗ್ ಸಿಸ್ಟಂಗೆ ಬೆಲೆ ಬರುವುದೇ ಅದರ ಮೇಲೆ ಓಡುವ ಆ್ಯಪ್‌ಗಳಿಂದ. ಹೊಸ ಆವೃತ್ತಿಯಲ್ಲಿ ಎಂಥ ಒಳ್ಳೆಯ ಸೌಲಭ್ಯ ಇದ್ದರೂ ಅದನ್ನು ಹತ್ತರಲ್ಲಿ ಒಬ್ಬರು ಮಾತ್ರ ಹಾಕಿಕೊಂಡಿದ್ದರೆ ಯಾವ ತಂತ್ರಾಂಶಗಾರ ಅದಕ್ಕಾಗಿ ಶ್ರಮಪಡುತ್ತಾನೆ? ಬೆಲೆ ಸೊನ್ನೆಯಾದ ಎಂಟು ತಿಂಗಳಿಗೆ, 2014ರ ಜೂನ್‌ನಲ್ಲಿ, ಆಪಲ್ ಮುಖ್ಯಸ್ಥ ಟಿಮ್ ಕುಕ್ ತಂತ್ರಾಂಶಗಾರರ ಸಮ್ಮೇಳನದಲ್ಲಿ ಬಳಕೆಯಲ್ಲಿರುವ ಮ್ಯಾಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಮ್ಯಾವರಿಕ್ಸ್‌ಗೆ ಬಂದಿವೆ ಎಂದು ಹೆಮ್ಮೆಯಿಂದ ಹೇಳಿದ್ದು ಈ ಕಾರಣಕ್ಕೇ. ಕನ್ನಡಿಗರಿಗೆ ಇದರ ಅರ್ಥ ಅನುಭವದಿಂದಲೇ ಆಗಬೇಕು. ವಿಂಡೋಸ್ ಎಕ್ಸ್‌ಪಿಯ ಜೊತೆಗೆ ತುಂಗಾ ಅಕ್ಷರಶೈಲಿಯೂ ಯೂನಿಕೋಡ್ ಕನ್ನಡದ ಬೆಂಬಲವೂ ಬಂದವು. ವಿಂಡೋಸ್ 98ರಲ್ಲಿ ಅಂಥ ಅಂತರ್ಗತ ಬೆಂಬಲ ಇರಲಿಲ್ಲ. ಹೊಸದನ್ನು ಕೊಳ್ಳಲಾಗದ ಕಚೇರಿ, ಮುದ್ರಣಾಲಯಗಳು ಹಳೆಯದರಲ್ಲೇ ಉಳಿದವು. ಒಬ್ಬರು ಟೈಪ್ ಮಾಡಿದ್ದು ಇನ್ನೊಬ್ಬರ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವ ಕಷ್ಟ ಬಹುಕಾಲ ಮುಂದುವರಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಅಪ್‌ಗ್ರೇಡ್‌ನ ಬೆಲೆಯೂ ಒಂದು. ಇದಕ್ಕೆ ಹೋಲಿಸಿದರೆ, ಐಫೋನ್‌ನ ಕನ್ನಡ ಕೀಲಿಮಣೆ 2017ರ ಐಓಎಸ್ 11ರಲ್ಲಿ, ವಿಂಡೋಸ್‌ನ ಕನ್ನಡ ಧ್ವನ್ಯಾತ್ಮಕ ಕೀಲಿಮಣೆ 2019ರ ಮೇ ಅಪ್‌ಡೇಟ್‌ನಲ್ಲಿ ಬಂದಾಗ ಯಾರೂ ಹೊಸದಾಗಿ ಹಣ ಕೊಡಬೇಕಾಗಲಿಲ್ಲ.

ಹಾಗಾದರೆ ಎಂಜಿನಿಯರುಗಳ ಸಂಬಳ ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ನಾವು ಮೊದಲೇ ಕೊಟ್ಟ ಹಣದಿಂದ. 2008ರಲ್ಲಿ ಐಫೋನ್‌ನವರಿಗೆ ಉಚಿತವಾಗಿ ಸಿಕ್ಕ ಹೊಸ ಆವೃತ್ತಿಗೆ ಐಪಾಡ್ ಟಚ್‌ನವರು 9.95 ಡಾಲರ್ ಕೊಡಬೇಕಾಯಿತು. ವ್ಯತ್ಯಾಸ ಇದ್ದದ್ದು ಲೆಕ್ಕಪುಸ್ತಕದಲ್ಲಿ. ಐಫೋನ್ ಮಾರಾಟದ ಆದಾಯವನ್ನು ಆಪಲ್ ಎರಡು ವರ್ಷಕ್ಕೆ ಹಂಚಿ ತೋರಿಸುತ್ತಿತ್ತು, ಐಪಾಡ್‌ನದನ್ನು ಮಾರಿದ ದಿನವೇ ಪೂರ್ತಿ ತೋರಿಸಿಬಿಡುತ್ತಿತ್ತು. ವ್ಯವಹಾರ ಮುಗಿದಿದೆ ಎಂದು ಲೆಕ್ಕ ಬರೆದ ಮೇಲೆ ಅದೇ ಸರಕಿಗೆ ಹೊಸ ಸೌಲಭ್ಯವನ್ನು ಬಿಟ್ಟಿ ಸೇರಿಸಲು ಅಂದಿನ ಲೆಕ್ಕದ ನಿಯಮಗಳು ಅಡ್ಡಿಯಾಗುತ್ತವೆ ಎಂಬುದು ಕಂಪನಿಯ ವಿವರಣೆಯಾಗಿತ್ತು. 2009ರಲ್ಲಿ ಅಮೆರಿಕದಲ್ಲಿ ಆ ನಿಯಮಗಳು ಬದಲಾದವು. ಆಮೇಲೆ ಆಪಲ್, ಪ್ರತಿ ಸಾಧನದ ಬೆಲೆಯಲ್ಲಿ ಮುಂದಿನ ಅಪ್‌ಗ್ರೇಡ್‌ಗಳ ಪಾಲು ಇಂತಿಷ್ಟು ಎಂದು ಅಂದಾಜು ಮಾಡಿ, ಅದನ್ನು ಎತ್ತಿಟ್ಟು, ವರ್ಷಗಳುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಆದಾಯಕ್ಕೆ ಸೇರಿಸತೊಡಗಿತು. ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಕೂಡ ಪರವಾನಗಿ ಶುಲ್ಕವನ್ನು ಹೀಗೆಯೇ ಹಂಚಿ ತೋರಿಸಿತು. ಉಚಿತವೆಂದು ನಮಗೆ ಕಾಣುವುದಕ್ಕೆ ಅವರ ಲೆಕ್ಕದಲ್ಲಿ ಬೆಲೆ ಇದೆ, ಅದು ಮುಂಗಡವಾಗಿಯೇ ಸಂದಾಯವಾಗಿದೆ. ಉಳಿದದ್ದು ಪಕ್ಕದ ವ್ಯಾಪಾರಗಳಿಂದ ಬರುತ್ತದೆ: ಆ್ಯಪ್ ಅಂಗಡಿಯ ಕಮಿಷನ್, ಚಂದಾ ಸೇವೆಗಳು, ಜಾಹೀರಾತು. ಆಪಲ್ ಸಾಧನಗಳ ಬ್ರೌಸರ್‌ನಲ್ಲಿ ತನ್ನ ಹುಡುಕಾಟವೇ ಮೊದಲು ತೆರೆದುಕೊಳ್ಳಲೆಂದು ಗೂಗಲ್ 2022ರಲ್ಲಿ ಆಪಲ್‌ಗೆ ಕೊಟ್ಟದ್ದು 2,000 ಕೋಟಿ ಡಾಲರ್ ಎಂದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಿತ್ತು. ಬಳಕೆದಾರ ತಂಗುವ ಜಾಗಕ್ಕೆ ಅಷ್ಟು ಬೆಲೆಯಿದ್ದರೆ, ಅಲ್ಲಿಗೆ ಬರಲು ಅವನಿಂದಲೇ ಶುಲ್ಕ ಕೇಳುವುದು ವ್ಯಾಪಾರದ ದೃಷ್ಟಿಯಿಂದ ಅವಿವೇಕ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಎದ್ದೇಳುತ್ತದೆ. ಇದೆಲ್ಲ ನೆಪ, ಉಚಿತ ಅಪ್‌ಗ್ರೇಡ್‌ನ ನಿಜವಾದ ಉದ್ದೇಶ ನಮ್ಮ ಮಾಹಿತಿ ಕೊಳ್ಳೆಹೊಡೆಯುವುದು ಎನ್ನುವವರಿದ್ದಾರೆ. ಅದು ಪೊಳ್ಳು ಅನುಮಾನವಲ್ಲ. ವಿಂಡೋಸ್ 10 ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಸಂಗ್ರಹಿಸುತ್ತಿದೆ ಎಂದು ಫ್ರಾನ್ಸಿನ ಮಾಹಿತಿ ರಕ್ಷಣಾ ಪ್ರಾಧಿಕಾರ 2016ರ ಜುಲೈನಲ್ಲಿ ಮೈಕ್ರೋಸಾಫ್ಟ್‌ಗೆ ನೋಟಿಸ್ ಕೊಟ್ಟಿತು. ಕಂಪನಿ ತಿದ್ದಿಕೊಂಡ ಮೇಲೆಯೇ ಮರುವರ್ಷ ಆ ಪ್ರಕರಣ ಮುಗಿದದ್ದು. ಆದರೆ ಒಂದನ್ನು ಗಮನಿಸಬೇಕು. ಅಂಗಡಿಯಲ್ಲಿ ಪೂರ್ತಿ ಹಣ ಕೊಟ್ಟು ವಿಂಡೋಸ್ 10 ಕೊಂಡವರ ಯಂತ್ರದಿಂದಲೂ ಅದೇ ಮಾಹಿತಿ ಹೋಗುತ್ತಿತ್ತು. ಹಣ ಕೊಟ್ಟವರಿಗೆ ವಿನಾಯಿತಿ ಇರಲಿಲ್ಲ. ಮಾಹಿತಿ ಸಂಗ್ರಹ ಉಚಿತ ಕೊಡುಗೆಗೆ ಪ್ರತಿಯಾಗಿ ವಸೂಲು ಮಾಡುವ ಬೆಲೆಯಾಗಿದ್ದರೆ ಹೀಗಿರುತ್ತಿರಲಿಲ್ಲ. ಅದು ಪ್ರತ್ಯೇಕವಾದ ತಪ್ಪು, ಕಾನೂನು ಪ್ರತ್ಯೇಕವಾಗಿಯೇ ತಡೆಯಬೇಕಾದದ್ದು. ಅಪ್‌ಗ್ರೇಡ್‌ಗೆ ನೂರು ಡಾಲರ್ ಬೆಲೆ ಇಟ್ಟರೆ ನಮ್ಮ ಖಾಸಗಿತನ ಉಳಿಯುತ್ತದೆ ಎಂದು ನಂಬಲು ಯಾವ ಆಧಾರವೂ ಇಲ್ಲ.

ಇನ್ನೊಂದು ಆಕ್ಷೇಪ, ಕೊಡುಗೆಯ ಹೆಸರಿನಲ್ಲಿ ನಡೆಯುವ ಬಲವಂತದ್ದು. ವಿಂಡೋಸ್ 10 ಹಾಕಿಕೊಳ್ಳಿರೆಂದು ಪದೇ ಪದೇ ತೆರೆಯ ಮೇಲೆ ಬಂದ ಒತ್ತಾಯ ಜನರನ್ನು ರೇಗಿಸಿತು. ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರು ತಮ್ಮ ಒಪ್ಪಿಗೆಯಿಲ್ಲದೆ ನಡೆದ ಅಪ್‌ಗ್ರೇಡ್‌ನಿಂದ ಕಂಪ್ಯೂಟರ್ ಕೆಟ್ಟಿತೆಂದು ದಾವೆ ಹೂಡಿ 2016ರಲ್ಲಿ 10,000 ಡಾಲರ್ ಪರಿಹಾರ ಪಡೆದರು. 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಅಪ್‌ಡೇಟ್‌ಗಳ ಮೂಲಕ ಹಳೆಯ ಫೋನುಗಳನ್ನು ನಿಧಾನಗೊಳಿಸಿದ್ದಕ್ಕಾಗಿ ಆಪಲ್‌ಗೆ 1 ಕೋಟಿ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ವಿಧಿಸಿತು. ಈ ದೂರುಗಳನ್ನು ನಾನು ಪೂರ್ತಿ ಒಪ್ಪುತ್ತೇನೆ. ಅವು ನನ್ನ ವಾದವನ್ನು ಗಟ್ಟಿಗೊಳಿಸುತ್ತವೆ ಕೂಡ: ಬೇಡವೆಂದವರ ಮೇಲೂ ಹೇರುವಷ್ಟು ಆತುರ ಕೊಡುವವರಿಗೇ ಲಾಭವಿದ್ದಾಗ ಮಾತ್ರ ಹುಟ್ಟುತ್ತದೆ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮೊದಲಿನಿಂದಲೂ ಉಚಿತವಲ್ಲವೇ ಎಂದು ಕೇಳಬಹುದು. ಹೌದು, ಮತ್ತು ಅದಕ್ಕೆ ಪ್ರೇರಣೆಯೇ ಬೇರೆ. ಕೋಡ್ ಎಲ್ಲರ ಸೊತ್ತಾಗಿರಬೇಕೆಂಬ ನಂಬಿಕೆಯ ಮೇಲೆ ಅದು ಬೆಳೆಯಿತು. ಆದರೂ ಅಲ್ಲಿನ ಕಂಪನಿಗಳು ಯಾವುದಕ್ಕೆ ಹಣ ಪಡೆಯುತ್ತವೆ ನೋಡಿ. ಲಿನಕ್ಸ್ ಆಧಾರಿತ ಉಬುಂಟುವಿನ ಹೊಸ ಆವೃತ್ತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಐದು ವರ್ಷ ದಾಟಿದ ಆವೃತ್ತಿಯಲ್ಲೇ ಇರುತ್ತೇವೆ, ಅದಕ್ಕೂ ಭದ್ರತೆ ಕೊಡಿ ಎನ್ನುವ ಉದ್ಯಮಗಳು ಉಬುಂಟುವನ್ನು ಸಿದ್ಧಪಡಿಸುವ ಕೆನಾನಿಕಲ್ ಕಂಪನಿಗೆ ಶುಲ್ಕ ತೆರುತ್ತವೆ. ಇನ್ನೊಂದು ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನಲ್ಲೂ ವಿಸ್ತೃತ ಆಯಸ್ಸು ಮಾರಾಟದ ಸರಕು.

ಹೊಸದಕ್ಕೆ ದುಡ್ಡಿಲ್ಲ, ಹಳೆಯದಕ್ಕೆ ದುಡ್ಡು ಎಂಬ ಈ ತಲೆಕೆಳಗಾದ ಬೆಲೆಪಟ್ಟಿ ಸಾಮಾನ್ಯ ಬಳಕೆದಾರರ ಮನೆಗೂ ಈಗ ಬಂದಿದೆ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಕೂಡ ಉಚಿತವೇ. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರಾಚೆಯ ಪ್ರೊಸೆಸರೂ ಬೇಕು. ಆ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಅದಕ್ಕಿಂತ ಹಳೆಯ ಯಂತ್ರ ಇದ್ದವರಿಗೆ, ಅದು ಚೆನ್ನಾಗಿ ಓಡುತ್ತಿದ್ದರೂ, ಈ ಉಚಿತಕ್ಕೆ ಅರ್ಥವಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನೊಂದು ವರ್ಷದ ಭದ್ರತಾ ತಿದ್ದುಪಡಿಗೆ ಮನೆಬಳಕೆಯವರಿಗೆ 30 ಡಾಲರ್ ಎಂದು ಮೈಕ್ರೋಸಾಫ್ಟ್ ಬೆಲೆ ಇಟ್ಟಿತು. ಯಂತ್ರದ ಸೆಟ್ಟಿಂಗ್‌ಗಳನ್ನು ತನ್ನ ಕ್ಲೌಡ್‌ಗೆ ಒಪ್ಪಿಸುವವರಿಗೆ ಆ ಶುಲ್ಕವಿಲ್ಲ. ಉದ್ಯಮಗಳಿಗೆ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ಮುಂದೆ ವರ್ಷ ವರ್ಷ ದುಪ್ಪಟ್ಟು. ಕಂಪನಿಯ ಮಟ್ಟಿಗೆ ಇದು ತರ್ಕಬದ್ಧ, ಏಕೆಂದರೆ ಆವೃತ್ತಿ ಹಳತಾದಷ್ಟೂ ಅದನ್ನು ಸಾಕುವ ಖರ್ಚನ್ನು ಹಂಚಿಕೊಳ್ಳುವವರು ಕಡಿಮೆಯಾಗುತ್ತಾರೆ. ಅನ್ಯಾಯ ಇರುವುದು ಬೆಲೆ ಕೇಳಿದ್ದರಲ್ಲಿ ಅಲ್ಲ, ಕೊಳ್ಳುವ ದಿನ ಈ ಗಡುವನ್ನು ಸ್ಪಷ್ಟವಾಗಿ ಹೇಳದೆ ಇದ್ದದ್ದರಲ್ಲಿ. ಎಂಟು ವರ್ಷ ಬಾಳುವ ಯಂತ್ರವೆಂದು ಕೊಂಡವನಿಗೆ ಅದರ ತಂತ್ರಾಂಶದ ಆಯಸ್ಸು ಐದೇ ವರ್ಷ ಎಂದು ಆಮೇಲೆ ತಿಳಿದರೆ ಅವನು ಮುಂಗಡ ಕೊಟ್ಟದ್ದು ಯಾವುದಕ್ಕೆ? ಗೂಗಲ್ 2023ರ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷದ ಅಪ್‌ಡೇಟ್ ಖಚಿತವೆಂದು ಬಾಯಿಬಿಟ್ಟು ಹೇಳಿವೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಅಂತರ್ಜಾಲಕ್ಕೆ ಸೇರುವ ಗೃಹಬಳಕೆಯ ಸಾಧನಗಳ ತಯಾರಕರು ಭದ್ರತಾ ಅಪ್‌ಡೇಟ್‌ಗಳು ಕನಿಷ್ಠ ಎಷ್ಟು ಕಾಲ ಸಿಗುತ್ತವೆಂದು ಪ್ರಕಟಿಸುವುದು ಕಾನೂನಿನ ಕಡ್ಡಾಯ. ಭಾರತದಲ್ಲಿ ಹತ್ತು ಸಾವಿರ ರೂಪಾಯಿಯ ಫೋನ್ ಕೊಳ್ಳುವ ವಿದ್ಯಾರ್ಥಿಗೆ ಈ ಮಾಹಿತಿಯ ಅಗತ್ಯ ಇನ್ನೂ ಹೆಚ್ಚು, ಏಕೆಂದರೆ ಆ ಫೋನನ್ನು ಅವನು ಬೇಗ ಬದಲಿಸಲಾರ. ಬೆಂಬಲ ಮುಗಿಯುವ ತಿಂಗಳು ಮತ್ತು ವರ್ಷ ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆಯ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಅಚ್ಚಾಗಬೇಕು.